ಎಷ್ಟು ಹುಡುಗಿಯರು, ಎಷ್ಟು ಹುಡುಗರು?

ರೋಸ್ವಿತಾಳ ಅಂಗಡಿಯಲ್ಲಿ ನೀವು ಬೆಲೆ ಕೇಳುವುದಕ್ಕೆ ಮೊದಲು ಅವಳಿಗೆ ಉತ್ತರ ಕೊಡಬೇಕು. ಆನ್ನಾಬೆರ್ಗ್‌ನ ಕ್ರಿಸ್‌ಮಸ್ ಸಂತೆಯಲ್ಲಿ, ದೊಡ್ಡ ಚರ್ಚಿನ ಕಡೆಯಿಂದ ಇಳಿದು ಬಂದರೆ ಎರಡನೆಯ ಸಾಲು, ಸಾಸೇಜು ಸುಡುವ ಹೊಗೆ ಮುಗಿದು ಸಕ್ಕರೆಯಲ್ಲಿ ಹುರಿದ ಬಾದಾಮಿಯ ವಾಸನೆ ಶುರುವಾಗುವ ಕಡೆ ಅವಳ ಮರದ ಗೂಡಂಗಡಿ. ಹಲಗೆಯ ಮೇಲಿನ ಗೊಂಬೆಯತ್ತ ನೀವು ಕೈ ಚಾಚಿದ ಕೂಡಲೇ ಕನ್ನಡಕದ ಮೇಲಿಂದ ನೋಡಿ ಕೇಳುತ್ತಾಳೆ: "ಮನೇಲಿ ಎಷ್ಟು ಹುಡುಗಿಯರು? ಎಷ್ಟು ಹುಡುಗರು?"

ಹೊರಗಿನವರು ತಬ್ಬಿಬ್ಬಾಗುತ್ತಾರೆ. ಹ್ಯಾಂಬುರ್ಗ್ ಕಡೆಯ ದಂಪತಿ ಒಮ್ಮೆ, ಇದೇನು ಜನಗಣತಿಯೇ ಎಂದು ಕೇಳಿದ್ದರಂತೆ. ಊರಿನವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಬೆಳ್ಳಿ ಗಣಿಗಳಿಂದ ಬೆಳೆದ ನಮ್ಮ ಗುಡ್ಡದ ಸೀಮೆಯಲ್ಲಿ ಡಿಸೆಂಬರ್ ಬಂತೆಂದರೆ ಮನೆಯ ಒಂದೊಂದು ಹೆಣ್ಣುಮಗುವಿಗೆ ಒಂದೊಂದು ದೇವದೂತೆ, ಒಂದೊಂದು ಗಂಡುಮಗುವಿಗೆ ಒಬ್ಬೊಬ್ಬ ಗಣಿಯಾಳು, ಎರಡೂ ಕೈಯಲ್ಲಿ ದೀಪ ಹಿಡಿದು ಕಿಟಕಿಯಲ್ಲಿ ನಿಲ್ಲಬೇಕು. ಬೀದಿಯಲ್ಲಿ ಹೋಗುವವನಿಗೆ ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕದ ತಟ್ಟದೆಯೇ ತಿಳಿಯುತ್ತದೆ. ಹೆಚ್ಚಿಗೆ ಇಟ್ಟರೆ ಜಂಬ, ಕಡಿಮೆ ಇಟ್ಟರೆ ಒಂದು ಮಗುವಿಗೆ ಅನ್ಯಾಯ. ಅಂಥ ಎಡವಟ್ಟು ತನ್ನ ಅಂಗಡಿಯಿಂದ ಆಗಕೂಡದು ಎಂಬುದು ರೋಸ್ವಿತಾಳ ಹಟ.

ಈ ಒಂದು ಪ್ರಶ್ನೆಯಿಂದಾಗಿ ಅವಳಿಗೆ ಚರ್ಚಿನ ಪಾದ್ರಿಗಿಂತ ಹೆಚ್ಚು ಗುಟ್ಟುಗಳು ಗೊತ್ತು. ಒಬ್ಬ ದೊಡ್ಡ ಮನುಷ್ಯ ಹೆಂಡತಿಯ ಜೊತೆ ಬಂದು ಎರಡು ದೇವದೂತೆ, ಒಬ್ಬ ಗಣಿಯಾಳು ಎಂದು ಗಟ್ಟಿಯಾಗಿ ಹೇಳಿ ಕೊಂಡು ಹೋದವನು, ಮಾರನೆಯ ದಿನ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಒಬ್ಬನೇ ಬಂದು ಇನ್ನೊಬ್ಬ ಗಣಿಯಾಳನ್ನು ಬೇರೆ ಕಾಗದದಲ್ಲಿ ಸುತ್ತಿಸಿಕೊಂಡು ಹೋದ. ಆ ಪುಣ್ಯಾತ್ಮ ಯಾರೆಂದು ನಾವು ಎಷ್ಟು ಕೆದಕಿದರೂ ಅವಳು ಬಾಯಿ ಬಿಟ್ಟಿಲ್ಲ.

ಹದಿನೇಳನೆಯ ವಯಸ್ಸಿಗೆ ಅವಳು ಗೊಂಬೆ ಕಡೆಯುವ ಕಾರ್ಖಾನೆ ಸೇರಿದಳು. ಗಂಡಸರು ಕಡಚಲು ಯಂತ್ರದಲ್ಲಿ ಮರ ಕಡೆದು ಮೈ ಮಾಡಿಕೊಟ್ಟರೆ, ಇವಳು ಮುಖ ಬರೆಯುವವಳು: ಎರಡು ಚುಕ್ಕೆ ಕಣ್ಣು, ಎರಡು ಗೀಟು ಹುಬ್ಬು, ಒಂದು ಕೆಂಪು ಬೊಟ್ಟು ಬಾಯಿ. ಅವಳ ಕೈಯ ದೇವದೂತೆಗಳಿಗೆ ಎಡ ಹುಬ್ಬು ಕೂದಲೆಳೆಯಷ್ಟು ಮೇಲೆ. ಅದರಿಂದ ಅವೂ ಏನೋ ಕೇಳುತ್ತಿರುವ ಹಾಗೆ ಕಾಣುತ್ತವೆ, ಥೇಟ್ ಅವಳ ಹಾಗೆ. ಬರೆದಾದ ಮೇಲೆ ಬುಡದಲ್ಲಿ ಪೆನ್ಸಿಲಿನಿಂದ ಒಂದು 'ರೋ' ಬರೆಯುತ್ತಾಳೆ. ಬರ್ಲಿನ್ ಗೋಡೆ ಬಿದ್ದು ಎರಡು ವರ್ಷಕ್ಕೆ ಕಾರ್ಖಾನೆಯವರು ಸಂತೆಯ ಅಂಗಡಿಯನ್ನೂ ಅವಳಿಗೆ ಒಪ್ಪಿಸಿದರು. ಅಂದಿನಿಂದ ವರ್ಷದಲ್ಲಿ ಹನ್ನೊಂದು ತಿಂಗಳು ಮುಖ ಬರೆಯುವುದು, ಒಂದು ತಿಂಗಳು ಮಾರುವುದು.

ಅವಳ ಸ್ವಂತ ಕಿಟಕಿಯಲ್ಲಿ ಮಾತ್ರ ಎಂದೂ ಏನೂ ಇರಲಿಲ್ಲ. ಬೇಕರಿಯ ಮೇಲಿನ ಒಂಟಿ ಕೋಣೆ, ಒಂಟಿ ಹೆಂಗಸು, ಮಕ್ಕಳಿಲ್ಲ, ಇನ್ನೇನಿಡಬೇಕು? ಬೆಳೆದದ್ದು ಪಕ್ಕದ ಊರಿನ ಅನಾಥಾಲಯದಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವಳು ಆ ಮಾತೆತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಹೀಗಿದ್ದವಳು ನಲವತ್ತಾರಕ್ಕೆ ಮದುವೆಯಾದಳು. ಗಂಡ ಡೀಟ್ಮಾರ್, ಊರಿನ ಬಸ್ ಓಡಿಸುವವನು, ಹೆಂಡತಿ ಸಿಲ್ಕೆ ತೀರಿಕೊಂಡು ಐದು ವರ್ಷವಾಗಿದ್ದವನು. ಒಂದೇ ಮಗಳು, ಮನೆಯಲ್ಲಿ ಒಂದೇ ದೇವದೂತೆ, ಕೊಳ್ಳುವುದಕ್ಕೆ ಏನೂ ಬಾಕಿಯಿರಲಿಲ್ಲ. ಆದರೂ ಮೂರು ಡಿಸೆಂಬರ್ ತಪ್ಪದೆ ಬಂದು, ದೇವದೂತೆಯ ಕೈಗೆ ಹಾಕುವ ಪುಟ್ಟ ಬಲ್ಬು ಸುಟ್ಟುಹೋಗಿದೆ ಎಂದು ಹೊಸದು ಕೊಂಡುಹೋಗುತ್ತಿದ್ದ. ಒಂದು ದೇವದೂತೆಗೆ ಬೇಕಾದದ್ದು ಎರಡು ಬಲ್ಬು. ಡೀಟ್ಮಾರ್ ಕೊಂಡದ್ದು ನಲವತ್ತರ ಮೇಲೆ. ಕೊನೆಗೆ ರೋಸ್ವಿತಾಳೇ, "ನಿಮ್ಮನೆ ವೈರಿಂಗ್ ಸರಿಯಿಲ್ವೋ, ಇಲ್ಲಾ ನೀವೇ ಸರಿಯಿಲ್ವೋ?" ಎಂದು ಕೇಳಿದಳು. ಅವನು ಕಿವಿಯ ತನಕ ಕೆಂಪಾದ. ಮುಂದಿನ ಮೇ ತಿಂಗಳಲ್ಲಿ ಮದುವೆಯಾಯಿತು.

ಮಗಳ ಹೆಸರು ಯೂಲೆ, ಹದಿಮೂರು ವರ್ಷ. ಕೆಟ್ಟ ಹುಡುಗಿಯಲ್ಲ. ಹಾಕಿದ್ದನ್ನು ತಿನ್ನುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು. ಆದರೆ ಏಳು ತಿಂಗಳಲ್ಲಿ ಒಮ್ಮೆಯೂ ರೋಸ್ವಿತಾಳನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. "ಉಪ್ಪು ಆ ಕಡೆ ಇದೆಯಾ?" ಎಂದು ಗಾಳಿಯನ್ನು ಕೇಳುತ್ತಿದ್ದಳು. ಲೈಪ್‌ಜಿಗ್‌ನಲ್ಲಿ ಅವಳ ಅಮ್ಮನ ಅಮ್ಮ ಇದ್ದಳು. ಮದುವೆಯ ಸುದ್ದಿ ಕೇಳಿದ ದಿನವೇ ಆಕೆ, ಮಗು ಇಲ್ಲಿಗೇ ಬಂದು ಇರಲಿ, ಕೋಣೆ ಖಾಲಿಯಿದೆ, ಶಾಲೆಯೂ ಹತ್ತಿರ ಎಂದು ಹೇಳಿ ಕಳುಹಿಸಿದ್ದಳು. ಡೀಟ್ಮಾರ್ ಜಗಳ ಆಡುವ ಮನುಷ್ಯನಲ್ಲ. ಕ್ರಿಸ್‌ಮಸ್ ಒಳಗೆ ನೀನೇ ಯೋಚಿಸಿ ಹೇಳು ಎಂದು ಮಗಳಿಗೇ ಬಿಟ್ಟ.

ಹುಡುಗಿ ಹೋಗಬಾರದು, ಇಲ್ಲೇ ಇರಬೇಕು ಎಂಬ ಆಸೆ ರೋಸ್ವಿತಾಳಿಗೆ ಎಷ್ಟಿತ್ತೆಂದರೆ, ಯೂಲೆಯ ಶೂ ಬಾಗಿಲ ಬಳಿ ಬಿದ್ದಿದ್ದನ್ನು ನೋಡಿದರೂ ಸಾಕು, ಎದೆ ಹಗುರಾಗುತ್ತಿತ್ತು. ಆದರೆ ಮೊನ್ನೆ ಬಂದವಳು ತಾನು, ಇರು ಎನ್ನಲು ಯಾವ ಹಕ್ಕು ಎಂದು ನಾಲಗೆ ಕಚ್ಚಿಕೊಳ್ಳುತ್ತಿದ್ದಳು.

ಸಂತೆ ಶುರುವಾಗಿ, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಅಡ್ವೆಂಟ್ ಭಾನುವಾರಗಳಲ್ಲಿ ಮೊದಲನೆಯದರ ಹಿಂದಿನ ಸಂಜೆ ಊರಿಗೆ ಊರೇ ಕಿಟಕಿ ದೀಪ ಹಚ್ಚಿತು. ರೋಸ್ವಿತಾ ಅಂಗಡಿ ಮುಚ್ಚಿ ಮನೆಯ ಬೀದಿಗೆ ಇಳಿದಳು. ಒಂದು ಮನೆಯಲ್ಲಿ ಎರಡು ದೇವದೂತೆ, ಪಕ್ಕದಲ್ಲಿ ನಾಲ್ಕು ಗಣಿಯಾಳು, ಆಚೆಗೆ ಒಂದೊಂದು. ತನ್ನ ಮನೆಯ ಕಿಟಕಿ ಮಾತ್ರ ಕತ್ತಲು. ಒಳಗೆ ಹೋದರೆ ಗೊಂಬೆಯ ಡಬ್ಬಿ ಅಟ್ಟದಿಂದ ಇಳಿದು ಮೇಜಿನ ಮೇಲೆ ಕೂತಿತ್ತು, ಮುಚ್ಚಳ ತೆರೆದಿರಲಿಲ್ಲ.

"ಅಪ್ಪ ಇಳಿಸಿ ಕೊಟ್ಟು ಡ್ಯೂಟಿಗೆ ಹೋದ," ಎಂದಳು ಯೂಲೆ, ಮೊಬೈಲಿನಿಂದ ತಲೆ ಎತ್ತದೆ.

"ಇಡಲ್ವಾ?"

"ಇರ್ತೀನೋ ಇಲ್ವೋ ಗೊತ್ತಿಲ್ಲ. ಹೋಗೋಳಿಗೆ ಯಾಕೆ ಇಡೋದು? ಲೆಕ್ಕ ತಪ್ಪಾಗಲ್ವಾ?"

ರೋಸ್ವಿತಾಳ ಮಾತೇ ಅವಳಿಗೆ ತಿರುಗಿ ಬಂದಿತ್ತು. "ಆಯ್ತು, ನಿಂಗೆ ಯಾವಾಗ ಅನ್ಸುತ್ತೋ ಆಗ ಇಡು," ಎಂದು ಅಡುಗೆಮನೆಗೆ ಹೋಗಿ ಆಲೂಗಡ್ಡೆ ತುರಿಯುತ್ತ ನಿಂತಳು. ಮೂರು ಜನಕ್ಕೆ ಆಗಿ ಮಿಗುವಷ್ಟು ತುರಿದ ಮೇಲೂ ಕೈ ನಿಲ್ಲಲಿಲ್ಲ.

ಬೀದಿ ಸುಮ್ಮನಿರುತ್ತದೆಯೇ? ಎದುರು ಮನೆಯ ಹಾನೆಲೋರೆ, ಪರದೆ ಸರಿಸುವುದರಲ್ಲಿ ಇಡೀ ಜಿಲ್ಲೆಗೇ ಮೊದಲಿಗಳು, ಮಾರನೆಯ ದಿನವೇ ಅಂಗಡಿಗೆ ಬಂದು ಕೆಮ್ಮಿದಳು. "ನಿಮ್ಮನೆ ದೀಪಕ್ಕೆ ಏನಾದ್ರೂ ತೊಂದ್ರೆನಾ ರೋಸ್ವಿತಾ? ಊರಿಗೆಲ್ಲ ಗೊಂಬೆ ಮಾರೋಳ ಮನೇಲೇ ಕತ್ಲು ಅಂತ ಜನ ಮಾತಾಡ್ಕೋತಾರಪ್ಪ. ನಂಗೇನು, ನಾನು ಹೇಳ್ದೆ ಅಷ್ಟೆ."

"ಜನಕ್ಕೆ ಹೇಳು ಹಾನೆಲೋರೆ, ನಿಮ್ಮನೆ ಪರದೆ ಸವೆದುಹೋದ್ರೆ ಹೊಸಾದು ನಾನು ಕೊಡಿಸ್ತೀನಿ," ಎಂದಳು ರೋಸ್ವಿತಾ. ಪಕ್ಕದ ಸಾಸೇಜು ಅಂಗಡಿಯ ಫೋಲ್ಕರ್ ಇಕ್ಕಳ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು. ಆದರೆ ಆ ದಿನ ಇಬ್ಬರು ಗಿರಾಕಿಗಳಿಗೆ ಎಷ್ಟು ಹುಡುಗಿಯರೆಂದು ಕೇಳುವುದನ್ನೇ ಮರೆತಳು.

ಎರಡನೆಯ ವಾರದ ಶನಿವಾರ ಮಧ್ಯಾಹ್ನ ಯೂಲೆ ತಾನಾಗಿಯೇ ಅಂಗಡಿಗೆ ಬಂದಳು. ಹಿಮ ಸಣ್ಣಗೆ ಬೀಳುತ್ತಿತ್ತು. ಸಂತೆಯ ನಡುವೆ, ಅಂತಸ್ತು ಅಂತಸ್ತಾಗಿ ಗೊಂಬೆ ನಿಲ್ಲಿಸಿದ ಎತ್ತರದ ಮರದ ಪಿರಮಿಡ್ಡು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಹುಡುಗಿ ಕೋಟಿನೊಳಗಿಂದ ಮನೆಯ ದೇವದೂತೆಯನ್ನು ತೆಗೆದು, ತಲೆಕೆಳಗು ಮಾಡಿ ಹಲಗೆಯ ಮೇಲಿಟ್ಟಳು. ಬುಡದಲ್ಲಿ ಮಾಸಿದ ಪೆನ್ಸಿಲಿನ ಗುರುತು: ರೋ.

"ಇದು ನೀನು ಬರ್ದಿದ್ದಾ?"

ರೋಸ್ವಿತಾ ಗೊಂಬೆಯನ್ನು ತಿರುಗಿಸಿ ಹುಬ್ಬು ನೋಡಿದಳು. "ನಾನೇ. ಆಗ ಕೆಂಪು ಬಣ್ಣ ಸ್ವಲ್ಪ ಗಾಢ ಬರ್ತಿತ್ತು ನೋಡು."

"ಹಾಗಾದ್ರೆ ಅಮ್ಮ ಇಲ್ಲೇ ತಗೊಂಡಿದ್ದು. ನಿನ್ ಹತ್ರಾನೇ." ಹುಡುಗಿ ಹಲಗೆಯ ಮೇಲೆ ಬಾಗಿದಳು. "ನಾನು ಹುಟ್ಟಿದ ವರ್ಷ. ನಿಂಗೆ ಅಮ್ಮ ನೆನಪಿದ್ದಾಳಾ? ಹೇಗಿದ್ಲು ಅವತ್ತು? ನಾನೂ ಇದ್ನಾ ಜೊತೇಲಿ?"

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನೀಲಿ ಟೋಪಿ ಹಾಕಿದ್ದಳು, ನೀನು ಅವಳ ಎದೆಗೆ ಒರಗಿ ನಿದ್ದೆ ಮಾಡುತ್ತಿದ್ದೆ ಎಂದು ಹೇಳಲು ಏನು ಖರ್ಚು? ಹುಡುಗಿ ಮನೆಯಲ್ಲೇ ಉಳಿದರೂ ಉಳಿದಾಳು. ರೋಸ್ವಿತಾಳ ನಾಲಗೆಯ ತುದಿಯ ತನಕ ಆ ನೀಲಿ ಟೋಪಿ ಬಂತು. ಆದರೆ ಸುಳ್ಳು ಲೆಕ್ಕ ಕೊಟ್ಟು ಅಭ್ಯಾಸವಿಲ್ಲದ ಹೆಂಗಸು.

"ಇಲ್ಲ ಯೂಲೆ. ನೆನಪಿಲ್ಲ," ಎಂದಳು. "ಇದೆ ಅಂತ ಹೇಳೋಕೆ ತುಂಬಾ ಆಸೆ ಆಗ್ತಿದೆ, ಆದ್ರೆ ಇಲ್ಲ. ಆ ಡಿಸೆಂಬರಲ್ಲಿ ಇಲ್ಲಿ ಸಾವಿರ ಜನ ನಿಂತು ಹೋಗಿರ್ತಾರೆ."

ಯೂಲೆ ಗೊಂಬೆಯನ್ನು ಎತ್ತಿಕೊಂಡು ಹೊರಡಲು ತಿರುಗಿದಳು.

"ಒಂದು ಮಾತ್ರ ಗೊತ್ತು," ಎಂದಳು ರೋಸ್ವಿತಾ. "ನಾನು ಕೇಳಿರ್ತೀನಿ, ಮನೇಲಿ ಎಷ್ಟು ಹುಡುಗಿಯರು ಅಂತ. ಕೇಳ್ದೆ ಯಾರಿಗೂ ಕೊಟ್ಟೋಳಲ್ಲ ನಾನು. ನಿಮ್ಮಮ್ಮ ಇದೇ ಹಲಗೆ ಮುಂದೆ ನಿಂತು, ಒಬ್ಳು ಅಂದಿರ್ತಾಳೆ. ಅದು ನೀನು."

ಹುಡುಗಿ ಹೋಗಲಿಲ್ಲ. ಅಂಗಡಿಯ ಪಕ್ಕದ ಬಾಗಿಲಿನಿಂದ ಒಳಗೆ ಬಂದು ಖಾಲಿ ಪೆಟ್ಟಿಗೆಯ ಮೇಲೆ ಕೂತಳು. ಬಹಳ ಹೊತ್ತು ಮೂಗು ಒರೆಸಿಕೊಳ್ಳುತ್ತಲೇ ಇದ್ದಳು. ಫೋಲ್ಕರ್ ಕೇಳದೆಯೇ ಬ್ರೆಡ್ಡಿನೊಳಗೆ ಒಂದು ಸಾಸೇಜು ಇಟ್ಟು ಕೈ ಚಾಚಿದ. ಅವಳು ಅದನ್ನು ತಿನ್ನುತ್ತ, ಗಿರಾಕಿಗಳು ಬಂದು ಹೋಗುವುದನ್ನೂ ಅವರ ಉತ್ತರಗಳನ್ನೂ ಕೇಳುತ್ತ ಕೂತಳು. ಮೂವರು ಹುಡುಗಿಯರು. ಇಬ್ಬರು ಹುಡುಗರು, ಅವಳಿ. ಒಬ್ಬಳೇ, ಆದರೆ ಹತ್ತು ಜನಕ್ಕೆ ಸಮ, ಎಂದೊಬ್ಬ ಅಪ್ಪ.

"ನೀನು ಚಿಕ್ಕವಳಿದ್ದಾಗ ಎಷ್ಟಿತ್ತು?" ಎಂದು ಕೇಳಿದಳು ಯೂಲೆ, ಇದ್ದಕ್ಕಿದ್ದಂತೆ. "ನಿಮ್ಮ ಕಿಟಕೀಲಿ?"

ರೋಸ್ವಿತಾ ಕಾಗದ ಮಡಿಸುವುದನ್ನು ನಿಲ್ಲಿಸಲಿಲ್ಲ. "ನಾವು ನಲವತ್ತೆರಡು ಮಕ್ಕಳು. ನಲವತ್ತೆರಡು ಗೊಂಬೆ ಎಲ್ಲಿಂದ ತರೋಣ ಅಂತ ವಾರ್ಡನ್ ಅಮ್ಮ ಎಲ್ಲರಿಗೂ ಸೇರಿ ಒಂದೇ ಒಂದು ದೀಪದ ಕಮಾನು ಇಡ್ತಿದ್ರು. ಪಾಪ, ಅವರನ್ನ ಬೈಯೋ ಹಾಗಿಲ್ಲ."

"ಮತ್ತೆ?"

"ಮತ್ತೇನು? ಸ್ಕೂಲಿಂದ ಬರೋ ದಾರೀಲಿ ಬೇರೆಯವರ ಕಿಟಕಿ ಎಣಿಸ್ತಿದ್ದೆ. ಒಂದು ಮನೇಲಿ ಮೂರು ಗಣಿಯಾಳು, ಒಂದೂ ದೇವದೂತೆ ಇಲ್ಲ. ಇವರಿಗೆ ಒಬ್ಬಳು ಹುಡುಗಿ ಬೇಕಾಗಿದ್ದಾಳೆ ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ. ದಿನಾ ಆ ಕಿಟಕಿ ಕೆಳಗೆ ಸ್ವಲ್ಪ ಹೊತ್ತು ನಿಂತ್ಕೋತಿದ್ದೆ, ನೋಡಿ ಕರೀಲಿ ಅಂತ."

"ಕರೆದ್ರಾ?"

"ಒಂದಿನ ಕಿಟಕಿ ತೆಗೆದ್ರು. 'ಏನು ಪುಟ್ಟಿ, ದಾರಿ ತಪ್ಪಿತಾ?' ಅಂದ್ರು. ಹೂಂ ಅಂದೆ. ಪಾಪ, ಒಳ್ಳೇ ಜನ, ಅನಾಥಾಲಯದ ಗೇಟಿನ ತನಕ ಕೈ ಹಿಡ್ಕೊಂಡು ಬಂದು ಬಿಟ್ಟು ಹೋದ್ರು."

ಹೇಳಿ ಅವಳು ನಕ್ಕಳು. ಯೂಲೆ ನಗಲಿಲ್ಲ. ಕೂತ ಪೆಟ್ಟಿಗೆಯ ಪಕ್ಕದಲ್ಲಿ, ಮಾರಾಟಕ್ಕೆ ಬಾರದ ಗೊಂಬೆಗಳ ಬುಟ್ಟಿಯಿತ್ತು. ಅದರಿಂದ ಒಂದು ದೇವದೂತೆಯನ್ನು ಎತ್ತಿ ನೋಡಿದಳು. ಮುಖ ಬರೆಯುವಾಗ ರೋಸ್ವಿತಾಳಿಗೆ ಸೀನು ಬಂದು ಎರಡೂ ಹುಬ್ಬು ಹಣೆಯ ನಡುವಿಗೆ ಹಾರಿದ್ದವು. ಯಾರೋ ಹಿಂದಿನಿಂದ ಬಂದು 'ಭೌ' ಎಂದು ಹೆದರಿಸಿದ ಹಾಗಿತ್ತು ಆ ಮುಖ.

"ಇದನ್ನ ಯಾರು ತಗೋತಾರೆ?"

"ಯಾರೂ ಇಲ್ಲ."

"ನಾನು ತಗೊಳ್ಳಾ?"

"ತಗೋ. ಒಳ್ಳೇದು ಬೇಕಾದ್ರೆ ಮೇಲಿನ ಸಾಲಲ್ಲಿದೆ."

"ಬೇಡ, ಇದೇ." ಎರಡನ್ನೂ ಕೋಟಿನೊಳಗೆ ಸೇರಿಸಿಕೊಂಡು ಹುಡುಗಿ ಹಿಮದಲ್ಲಿ ಹೊರಟುಹೋದಳು. ಲೈಪ್‌ಜಿಗ್‌ಗೆ ಒಯ್ಯಲಿಕ್ಕೆ ಇರಬೇಕು, ಹೋಗುವವಳಿಗೆ ಒಂದು ನೆನಪು ಎಂದುಕೊಂಡಳು ರೋಸ್ವಿತಾ. ಸತ್ಯ ಹೇಳಿದ್ದಕ್ಕೆ ತನ್ನನ್ನೇ ಒಂದಿಷ್ಟು ಬೈದುಕೊಂಡಳು ಕೂಡ.

ಮೂರನೆಯ ವಾರ ಮನೆಯ ಕಿಟಕಿ ಹಾಗೆಯೇ ಕತ್ತಲಾಗಿತ್ತು. ಶುಕ್ರವಾರ ಯೂಲೆ ಅಟ್ಟ ಹತ್ತಿ ದೊಡ್ಡ ಸೂಟ್‌ಕೇಸು ಕೆಳಗಿಳಿಸಿ ತನ್ನ ಕೋಣೆಗೆ ಎಳೆದುಕೊಂಡು ಹೋದಳು. ಅದರ ಗಾಲಿ ಮೆಟ್ಟಿಲ ಮೇಲೆ ದಡದಡ ಎಂದಾಗ ರೋಸ್ವಿತಾ ಡೀಟ್ಮಾರ್‌ನ ಮುಖ ನೋಡಿದಳು. ಅವನು ಕಾಫಿ ಲೋಟದೊಳಗೆ ನೋಡುತ್ತ, "ಕೇಳ್ಬೇಡ. ಅವಳೇ ಹೇಳ್ಲಿ," ಎಂದ.

"ಹೇಳೋದಕ್ಕೆ ಇನ್ನೇನು ಉಳಿದಿದೆ?" ಎಂದಳು ರೋಸ್ವಿತಾ.

ನಾಲ್ಕನೆಯ ಭಾನುವಾರ ಗಣಿಯವರ ಮೆರವಣಿಗೆ. ಆ ದಿನ ನಮ್ಮೂರಲ್ಲಿ ಸೂಜಿ ಬಿದ್ದರೂ ನೆಲ ಮುಟ್ಟುವುದಿಲ್ಲ. ತಾತಂದಿರ ಕಾಲದ ಕಪ್ಪು ಉಡುಪು, ಗರಿ ಸಿಕ್ಕಿಸಿದ ಟೋಪಿ, ಹೆಗಲ ಮೇಲೆ ಕೊಡಲಿ, ಹಿಂದೆ ಮುಂದೆ ಕಹಳೆ ವಾದ್ಯ. ಗಣಿ ಮುಚ್ಚಿ ತಲೆಮಾರಾದರೂ ಎದೆ ಸೆಟೆಸಿ ನಡೆಯುವುದರಲ್ಲಿ ಯಾರೂ ಕಡಿಮೆಯಿಲ್ಲ. ರೋಸ್ವಿತಾ ಬೆಳಗ್ಗೆ ಎಂಟಕ್ಕೇ ಅಂಗಡಿಗೆ ಬಂದಿದ್ದಳು. ಡೀಟ್ಮಾರ್‌ಗೆ ಇಡೀ ದಿನ ಬಸ್ಸು. ಯೂಲೆ ಇನ್ನೂ ಮಲಗಿದ್ದಳು.

ನಾಲ್ಕು ಗಂಟೆಗೆ ಕತ್ತಲಾಯಿತು. ನಾಲ್ಕೂವರೆಗೆ ಹಾನೆಲೋರೆ ಜನರನ್ನು ಮೊಣಕೈಯಲ್ಲಿ ತಳ್ಳುತ್ತ ಬಂದಳು. ಮುಖ ಆಗತಾನೇ ಒಲೆಯಿಂದ ತೆಗೆದ ಬ್ರೆಡ್ಡಿನ ಹಾಗೆ ಉಬ್ಬಿ ಹೊಳೆಯುತ್ತಿತ್ತು.

"ಬಾಯಿ ಬಿಡಲಿಲ್ವಲ್ಲೇ! ಎದುರು ಮನೇಲಿದ್ದು ನಂಗೇ ಹೇಳಲಿಲ್ವಲ್ಲ!" ಎಂದು ರೋಸ್ವಿತಾಳ ಎರಡೂ ಕೈ ಹಿಡಿದುಕೊಂಡಳು. "ಅಭಿನಂದನೆ ಕಣೇ!"

"ಯಾತಕ್ಕೆ?"

"ಅಯ್ಯೋ, ನಾಟಕ ಬೇಡ. ಹುಟ್ಟೋ ಮುಂಚೆ ಇಡಬಾರದು ಅಂತಾರೆ, ಆದ್ರೆ ನಿನ್ನ ವಯಸ್ಸಿಗೆ ಯಾರಿಗೆ ತಾಳ್ಮೆ ಇರುತ್ತೆ ಹೇಳು! ಹೆಣ್ಣೇ ಅಂತ ಗೊತ್ತೂ ಆಯ್ತಾ?"

ರೋಸ್ವಿತಾ ಕೈ ಬಿಡಿಸಿಕೊಂಡಳು. ಹಾನೆಲೋರೆ ಅವಳ ಕಿವಿಗೆ ಬಾಗಿ, ಆದರೆ ಮೂರು ಅಂಗಡಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ನಿಮ್ಮನೆ ಕಿಟಕೀಲಿ ಎರಡು ದೇವದೂತೆ!"

ಮೂರು ವಾರದಿಂದ ಕತ್ತಲಾಗಿದ್ದ ಕಿಟಕಿ. ಮನೆಯಲ್ಲಿರುವುದು ಒಬ್ಬಳೇ ಹುಡುಗಿ. ಮೇ ತಿಂಗಳಲ್ಲಿ ಮದುವೆ. ನಮ್ಮೂರಿನವರಿಗೆ ಇದಕ್ಕಿಂತ ಹೆಚ್ಚು ಸಾಕ್ಷಿ ಬೇಕಿಲ್ಲ. ಸಂತೆಗೆ ಬರುವ ದಾರಿಯಲ್ಲೇ ಆ ಮನೆ. ಅರ್ಧ ಗಂಟೆಯಲ್ಲಿ ಸುದ್ದಿ ಪಿರಮಿಡ್ಡಿಗೆ ಮೂರು ಸುತ್ತು ಬಂದಿತ್ತು. ಬಾದಾಮಿ ಮಾರುವವಳು ಒಂದು ಪೊಟ್ಟಣ ಕಳುಹಿಸಿದಳು. ರೋಸ್ವಿತಾ ಬಿಸಿ ವೈನ್ ತರಲು ಲೋಟ ಎತ್ತಿದ್ದೇ ತಡ, ಫೋಲ್ಕರ್ ಅದನ್ನು ಕಸಿದುಕೊಂಡು ಮಕ್ಕಳಿಗೆ ಕೊಡುವ ಬಿಸಿ ಸೇಬಿನ ರಸ ತುಂಬಿಸಿ ತಂದ.

"ಇನ್ನು ಒಂಬತ್ತು ತಿಂಗಳು ನಿಂಗೆ ಇದೇ ಗತಿ," ಎಂದ.

"ಮುಚ್ಚೋ ಬಾಯಿ! ನಂಗೆ ನಲವತ್ತಾರು!"

"ಅದಕ್ಕೇ ಎರಡು ಲೋಟ ಕುಡಿ."

ಸುತ್ತಲಿನವರೆಲ್ಲ ನಕ್ಕರು. ರೋಸ್ವಿತಾಳಿಗೆ ನಗು ಬರಲಿಲ್ಲ. ಅವಳಿಗೆ ಬೇರೆಯೇ ಲೆಕ್ಕ ಹೊಳೆದಿತ್ತು, ಅದು ಎದೆಗೆ ಇರಿಯುತ್ತಿತ್ತು. ಸೂಟ್‌ಕೇಸು ಇಳಿದಾಗಿದೆ. ಹೋಗುವ ಮುಂಚೆ ಹುಡುಗಿ ಒಂದು ಸಲ ಹಳೆಯ ಮನೆಯನ್ನು ಹಳೆಯ ಹಾಗೆ ನೋಡಬೇಕೆಂದು ಇಟ್ಟಿದ್ದಾಳೆ. ಒಂದು ಅವಳದು, ಒಂದು ಅವಳಮ್ಮನದು. ಸರಿಯೇ ಇದೆ. ಆ ಮನೆಯ ಹೆಂಗಸರು ಅವರಿಬ್ಬರೇ ತಾನೇ? ತಾನು ಮತ್ತೆ ಬೀದಿಯಲ್ಲಿ ನಿಂತು ಕಿಟಕಿ ನೋಡುವವಳು. ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು, ಅಳುವೂ ಬಂತು. ಆರು ಗಂಟೆಗೆ ಕಾರ್ಖಾನೆಯಿಂದ ಬದಲಿ ಹೆಂಗಸು ಬಂದ ಕೂಡಲೇ ಮಫ್ಲರನ್ನೂ ಸರಿಯಾಗಿ ಸುತ್ತಿಕೊಳ್ಳದೆ ಹೊರಟಳು.

ಮನೆಯ ಮುಂದೆ ಬಂದು ನಿಂತಳು. ಕಿಟಕಿಯಲ್ಲಿ ಎರಡು ದೇವದೂತೆ, ನಾಲ್ಕು ದೀಪ. ಒಂದರ ಎಡ ಹುಬ್ಬು ಮೇಲೆ. ಇನ್ನೊಂದರದು ಎರಡೂ ಹುಬ್ಬು ಹಣೆಯ ನಡುವೆ. ಬುಟ್ಟಿಯ ಗೊಂಬೆಯನ್ನು ಅಮ್ಮನ ಹೆಸರಿನಲ್ಲಿ ಇಡುತ್ತಾರೆಯೇ ಯಾರಾದರೂ ಎಂದು ಅವಳು ಅರ್ಥವಾಗದೆ ನೋಡುತ್ತಿರುವಾಗಲೇ ಕಿಟಕಿ ತೆರೆಯಿತು.

"ಎಷ್ಟು ಹೊತ್ತು ಹೊರಗೆ ನಿಂತಿರ್ತೀಯಾ?" ಎಂದಳು ಯೂಲೆ. "ಚಳಿ ಒಳಗೆ ಬರ್ತಿದೆ. ಬಾ ಒಳಗೆ."

ಒಳಗೆ ಹೋದಳು. ಕೋಟು ಬಿಚ್ಚಲೂ ತೋಚಲಿಲ್ಲ.

"ಲೆಕ್ಕ ಸರಿಯಿದೆಯಾ ನೋಡು."

"ಸರಿಯಿಲ್ಲ," ಎಂದಳು ರೋಸ್ವಿತಾ. "ಒಂದು ಜಾಸ್ತಿ ಇದೆ. ಊರೆಲ್ಲ ನನ್ನನ್ನ ಬಸುರಿ ಮಾಡಿ ಕೂರಿಸಿದೆ."

ಯೂಲೆ ಕಣ್ಣು ಅಗಲ ಮಾಡಿ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ರೋಸ್ವಿತಾ ಇದೇ ಮೊದಲು ಕೇಳಿದ್ದು. ನಗು ಒಂದು ಹದಕ್ಕೆ ಬಂದ ಮೇಲೆ ಹುಡುಗಿ ಕಿಟಕಿಯ ಕಡೆ ಬೆರಳು ತೋರಿಸಿದಳು. "ಅದು ನಂದು. ಅಮ್ಮ ತಂದಿದ್ದು. ಇದು ನಿಂದು."

"ದೊಡ್ಡವರಿಗೆ ಇಡಲ್ಲ ಯೂಲೆ."

"ಗೊತ್ತು. ಚಿಕ್ಕವಳಿದ್ದಾಗ ನಿಂಗೆ ಯಾರಾದ್ರೂ ಇಟ್ರಾ?"

"ಇಲ್ಲ."

"ಮತ್ತೆ?"

ಇಪ್ಪತ್ಮೂರು ವರ್ಷ ಸಂತೆಯಲ್ಲಿ ಎಂಥೆಂಥ ಬಾಯಾಳಿಗಳಿಗೆ ಉತ್ತರ ಕೊಟ್ಟವಳು, ಈ ಎರಡಕ್ಷರಕ್ಕೆ ಸೋತುಹೋದಳು. ಕುರ್ಚಿ ಎಳೆದುಕೊಂಡು ಕೂತು, ಗಟ್ಟಿಯಾಗಿ, ಮೂಗು ಸುರಿಸಿಕೊಂಡು, ಒಂದಿಷ್ಟೂ ಸಂಕೋಚವಿಲ್ಲದೆ ಅತ್ತಳು. ಅತ್ತದ್ದು ಸಂತೋಷಕ್ಕೆ ಎಂಬುದು ಅವಳಿಗೂ ಗೊತ್ತಿತ್ತು, ಹುಡುಗಿಗೂ ಗೊತ್ತಿತ್ತು. ಯೂಲೆ ಏನು ಮಾಡುವುದೆಂದು ತಿಳಿಯದೆ ಬಾದಾಮಿ ಪೊಟ್ಟಣವನ್ನು ಅವಳ ಜೇಬಿನಿಂದ ಎಳೆದು, ತಾನೊಂದು ತಿಂದು, ಅವಳ ಬಾಯಿಗೂ ಒಂದು ಇಟ್ಟಳು.

"ಹಾಗಾದ್ರೆ ಸೂಟ್‌ಕೇಸು?" ಎಂದಳು ರೋಸ್ವಿತಾ, ಬಾದಾಮಿ ಅಗಿಯುತ್ತ.

"ನಿನ್ನ ದೇವದೂತೆಗೆ ಬಲ್ಬು ಇರಲಿಲ್ವಲ್ಲ. ಅಪ್ಪನ ಬಲ್ಬೆಲ್ಲ ಅದರೊಳಗೇ ಇರೋದು. ಅದೇನು ಅಷ್ಟೊಂದು ಬಲ್ಬು? ಅಂಗಡಿ ಹಾಕೋ ಪ್ಲಾನ್ ಇತ್ತಾ ಅವನಿಗೆ?"

"ನಿಮ್ಮಪ್ಪನ್ನೇ ಕೇಳು."

"ಲೈಪ್‌ಜಿಗ್ ಅಜ್ಜಿಗೆ ಬೆಳಗ್ಗೆ ಫೋನ್ ಮಾಡ್ದೆ. ಬೇಸಿಗೆ ರಜಕ್ಕೆ ಬರ್ತೀನಿ ಅಂದೆ. ಅಜ್ಜಿ ಅತ್ಲು. ಆಮೇಲೆ, ಕ್ರಿಸ್‌ಮಸ್‌ಗೆ ನಾನೇ ಅಲ್ಲಿಗೆ ಬರ್ಲಾ ಅಂದ್ಲು. ಬಾ ಅಂದೆ." ಹುಡುಗಿ ಇನ್ನೊಂದು ಬಾದಾಮಿ ಎತ್ತಿಕೊಂಡಳು. "ನಿನ್ನ ಕೇಳ್ದೆ ಬಾ ಅಂದ್ಬಿಟ್ಟೆ, ರೋಸ್ವಿತಾ. ಪರವಾಗಿಲ್ವಾ?"

ಏಳು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ಆ ಹುಡುಗಿಯ ಬಾಯಲ್ಲಿ ಅವಳ ಹೆಸರು ಬಂದಿತ್ತು. "ಬರ್ಲಿ, ಬರ್ಲಿ," ಎಂದಳು ರೋಸ್ವಿತಾ. "ಆಲೂಗಡ್ಡೆ ಕಡುಬು ಹೇಗೂ ಜಾಸ್ತೀನೇ ಆಗುತ್ತೆ."

ಏಳು ಗಂಟೆಗೆ ಡೀಟ್ಮಾರ್ ಬಂದ. ಬಾಗಿಲಲ್ಲೇ ನಿಂತ. ಮುಖದಲ್ಲಿ ರಕ್ತವಿರಲಿಲ್ಲ. "ಸಂಜೆಯಿಂದ ಬಸ್ಸು ಹತ್ತಿದೋರೆಲ್ಲ ನನ್ನ ಕೈ ಕುಲುಕ್ತಿದ್ದಾರೆ," ಎಂದ. "ಒಬ್ಬಳು ಮುದುಕಿ ಮುತ್ತೂ ಕೊಟ್ಲು. ನಂಗೆ ಹೇಳೋದು ಏನಾದ್ರೂ ಇದೆಯಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಮೊದ್ಲು ಆ ಬಲ್ಬಿನ ಕಥೆ ಹೇಳು, ಆಮೇಲೆ ನಾವು ಹೇಳ್ತೀವಿ," ಎಂದಳು ಯೂಲೆ.

ಮಾರನೆಯ ದಿನ, ಕ್ರಿಸ್‌ಮಸ್‌ಗೆ ಎರಡೇ ದಿನ ಬಾಕಿ, ರೋಸ್ವಿತಾಳ ಅಂಗಡಿಯ ಮುಂದೆ ಕೊಳ್ಳುವವರಿಗಿಂತ ವಿಚಾರಿಸುವವರೇ ಹೆಚ್ಚು. ಹಾನೆಲೋರೆ ಬೆಳಗ್ಗೆಯೇ ಬಂದು ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದಳು. ರಾತ್ರಿಯಿಡೀ ಯೋಚಿಸಿದ್ದಳೋ ಏನೋ, ದನಿಯಲ್ಲಿ ಸ್ವಲ್ಪ ಅನುಮಾನ ಸೇರಿತ್ತು.

"ನಿಜ ಹೇಳ್ಬಿಡೇ ರೋಸ್ವಿತಾ. ಆ ಕಿಟಕಿ ಸರಿಯಾಗಿದೆಯಾ, ತಪ್ಪಾಗಿದೆಯಾ? ನಿಮ್ಮನೇಲಿ ಎಷ್ಟು ಹುಡುಗಿಯರು?"

ಆ ಪ್ರಶ್ನೆಯನ್ನು ಸಾವಿರಾರು ಜನಕ್ಕೆ ಕೇಳಿದ್ದವಳನ್ನು ಅದುವರೆಗೆ ಯಾರೂ ತಿರುಗಿ ಕೇಳಿರಲಿಲ್ಲ. ಫೋಲ್ಕರ್ ಇಕ್ಕಳ ಕೆಳಗಿಟ್ಟು ಕಿವಿ ನೆಟ್ಟಗೆ ಮಾಡಿದ. ರೋಸ್ವಿತಾ ಕೈಯಲ್ಲಿದ್ದ ಗೊಂಬೆಯನ್ನು ಹಲಗೆಯ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡಳು.

"ಇಬ್ಬರು," ಎಂದಳು. "ಒಬ್ಬಳಿಗೆ ಹದಿಮೂರು, ಇನ್ನೊಬ್ಬಳಿಗೆ ನಲವತ್ತಾರು."